ಗಾಲಿಯ ಮೇಲಿನ ಕವಚ, ಗಾಲಿಯ ಕೆಳಗಿನ ನೆಲ

ತೀರ್ಥಹಳ್ಳಿ, ಹೊಸನಗರದ ಕಡೆ ಅಡಕೆ ತೋಟಕ್ಕೆ ಹೊಸದಾಗಿ ನೆಲ ಹದಮಾಡಿಸುವವರು ಮೊದಲು ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ: ಜೆಸಿಬಿ ಕರೆಸುವುದೋ, ಹಿಟಾಚಿ ಕರೆಸುವುದೋ. ಗಾಲಿಯ ಮೇಲೆ ಓಡುವ ಜೆಸಿಬಿ ಪೇಟೆಯಿಂದ ತಾನೇ ರಸ್ತೆ ಹಿಡಿದು ಬರುತ್ತದೆ, ಸಂಜೆಗೆ ಕೆಲಸ ಮುಗಿಸಿ ಮತ್ತೊಂದು ಊರಿಗೆ ಹೊರಡುತ್ತದೆ; ಆದರೆ ಮಳೆಗಾಲದ ಜೌಗು ಗದ್ದೆಗೆ ಇಳಿದರೆ ಹೂತುಕೊಳ್ಳುತ್ತದೆ. ಚೈನಿನ ಮೇಲೆ ತೆವಳುವ ಹಿಟಾಚಿ ಕೆಸರಿಗೆ ಅಂಜುವುದಿಲ್ಲ. ಆದರೆ ಅದನ್ನು ಲಾರಿಯ ಮೇಲೆ ಹೇರಿಕೊಂಡೇ ತರಬೇಕು, ಡಾಂಬರಿನ ಮೇಲೆ ನಡೆಸಿದರೆ ರಸ್ತೆ ಕಿತ್ತುಹೋಗುತ್ತದೆ. ಸೈನಿಕರನ್ನು ಗುಂಡಿನಿಂದ ಕಾಪಾಡಿ ಸಾಗಿಸುವ ಕವಚವಾಹನಗಳಿಗೆ ಗಾಲಿ ಇರಬೇಕೋ ಚೈನ್ ಇರಬೇಕೋ ಎಂದು ಜಗತ್ತಿನ ಸೇನೆಗಳು ಎರಡನೇ ಮಹಾಯುದ್ಧದ ಕಾಲದಿಂದ ನಡೆಸಿಕೊಂಡು ಬಂದಿರುವ ಚರ್ಚೆಯ ತಿರುಳೂ ಇದೇ.

ಆ ಚರ್ಚೆ ಈಗ ಭಾರತದ ಅಂಗಳಕ್ಕೆ ಬಂದು ನಿಂತಿದೆ. 2025ರ ಫೆಬ್ರುವರಿ 13ರಂದು ವಾಷಿಂಗ್ಟನ್ನಿನಲ್ಲಿ ಪ್ರಧಾನಿ ಮೋದಿ ಮತ್ತು ಅಧ್ಯಕ್ಷ ಟ್ರಂಪ್ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಅಮೆರಿಕದ ಎಂಟು ಗಾಲಿಯ 'ಸ್ಟ್ರೈಕರ್' ವಾಹನವನ್ನು ಭಾರತದಲ್ಲಿ ಜೊತೆಗೂಡಿ ತಯಾರಿಸುವ ಪ್ರಸ್ತಾಪವಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಕ್ಷಣಾ ಸಚಿವ ರಾಜನಾಥ ಸಿಂಗ್ ಮೊರಾಕ್ಕೊ ದೇಶದ ಬೆರೆಶಿದ್‌ನಲ್ಲಿ ಟಾಟಾ ಸಂಸ್ಥೆಯ ಒಂದು ಕಾರ್ಖಾನೆಯನ್ನು ಉದ್ಘಾಟಿಸಿದರು. ಅಲ್ಲಿ ತಯಾರಾಗುವುದು ನಮ್ಮ ಡಿಆರ್‌ಡಿಒ ಮತ್ತು ಟಾಟಾ ಸೇರಿ ರೂಪಿಸಿದ 'ವ್ಹಾಪ್' ಎಂಬ ಎಂಟು ಗಾಲಿಯ ಕವಚವಾಹನ. ನಮ್ಮ ವಾಹನವನ್ನು ಬೇರೊಂದು ದೇಶದ ಸೇನೆ ಕೊಳ್ಳುತ್ತಿರುವಾಗ ನಮ್ಮ ಸೇನೆಗಾಗಿ ಪರದೇಶದ ವಾಹನದ ಮಾತುಕತೆ ನಡೆದಿರುವುದು ಏಕೆ ಎಂಬ ಪ್ರಶ್ನೆ ಸಹಜವಾದದ್ದು. ಉತ್ತರ ಹುಡುಕಬೇಕಾದರೆ ದೇಶಾಭಿಮಾನದ ಮಾತನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ಈ ವಾಹನ ಯಾವ ಕೆಲಸಕ್ಕೆ ಹುಟ್ಟಿತು, ಎಲ್ಲೆಲ್ಲಿ ಸೋತಿತು ಎಂಬುದನ್ನು ನೋಡಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಗಣಪತಿ ಹಬ್ಬದ ಮೆರವಣಿಗೆಗೆ ಮುಂಚೆ ಶಿವಮೊಗ್ಗದ ಗಾಂಧಿ ಬಜಾರು, ಅಮೀರ್ ಅಹ್ಮದ್ ವೃತ್ತದ ಸುತ್ತ ಕ್ಷಿಪ್ರ ಕಾರ್ಯಪಡೆಯ ಪಥಸಂಚಲನ ನಡೆದಾಗ ಜೊತೆಯಲ್ಲಿ ಬರುವ ನೀಲಿ ಬಣ್ಣದ 'ವಜ್ರ' ವಾಹನವನ್ನು ಕಂಡು ಮಕ್ಕಳು 'ಟ್ಯಾಂಕ್ ಬಂತು' ಎನ್ನುವುದನ್ನು ನಾನು ಕೇಳಿದ್ದೇನೆ. ಈ ಪಡೆಯ 97ನೇ ಬೆಟಾಲಿಯನ್ನಿನ ನೆಲೆಗೆ ಭದ್ರಾವತಿಯಲ್ಲಿ 2021ರ ಜನವರಿ 16ರಂದು ಶಂಕುಸ್ಥಾಪನೆಯಾದ ಮೇಲೆ ಆ ವಾಹನ ನಮ್ಮ ಜಿಲ್ಲೆಗೆ ಇನ್ನಷ್ಟು ಪರಿಚಿತವಾಗಿದೆ. ಆದರೆ ವಜ್ರ ಇರುವುದು ಕಲ್ಲುತೂರಾಟವನ್ನು ತಡೆದುಕೊಂಡು ಅಶ್ರುವಾಯು ಸಿಡಿಸುವುದಕ್ಕೆ. ಅದು ಯುದ್ಧಭೂಮಿಯ ವಾಹನವಲ್ಲ. ಟ್ಯಾಂಕು ಶತ್ರುವಿನ ಟ್ಯಾಂಕಿಗೆ ಎದುರು ನಿಂತು ಹೋರಾಡುವ ಯಂತ್ರ. ನಾವಿಲ್ಲಿ ಮಾತಾಡುತ್ತಿರುವ ಕವಚವಾಹನ ಇವೆರಡರ ನಡುವಿನದು: ಎಂಟರಿಂದ ಹನ್ನೆರಡು ಕಾಲಾಳುಗಳನ್ನು ಬಂದೂಕಿನ ಗುಂಡು ಮತ್ತು ಫಿರಂಗಿ ಶೆಲ್ಲಿನ ಚೂರುಗಳಿಂದ ಕಾಪಾಡಿ, ಅವರು ಇಳಿದು ಕಾದಾಡಬೇಕಾದ ಜಾಗದ ಹತ್ತಿರಕ್ಕೆ ಮುಟ್ಟಿಸುವುದು ಅದರ ಮೂಲ ಕೆಲಸ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಿದಾಗಲೆಲ್ಲ ಸೈನಿಕರು ಜೀವ ತೆತ್ತಿದ್ದಾರೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಅಮೆರಿಕ ಮುಂದೆ ಗಾಲಿ, ಹಿಂದೆ ಚೈನ್ ಇದ್ದ ಅರೆಬರೆ ವಾಹನಗಳನ್ನು ಬಳಸಿದ್ದವು. ಯುದ್ಧ ಮುಗಿದ ಮೇಲೆ ದಾರಿ ಕವಲೊಡೆಯಿತು. ಅಮೆರಿಕ ಎಂ-113ರಂತಹ ಚೈನ್ ವಾಹನದ ಕಡೆ ಹೊರಳಿತು. ಸೋವಿಯತ್ ಒಕ್ಕೂಟ ಮಾತ್ರ, ಲಕ್ಷಗಟ್ಟಲೆ ಕಾಲಾಳುಗಳನ್ನು ಯುರೋಪಿನ ಉದ್ದಕ್ಕೂ ಕಡಿಮೆ ಖರ್ಚಿನಲ್ಲಿ ವೇಗವಾಗಿ ಸಾಗಿಸುವ ಲೆಕ್ಕ ಹಾಕಿ, ಗಾಲಿಯನ್ನು ಕೈಬಿಡಲಿಲ್ಲ. ಅಲ್ಲಿ ಲಾರಿಯ ಚಾಸಿಗೆ ಉಕ್ಕಿನ ಪೆಟ್ಟಿಗೆ ಕೂರಿಸಿದಂತಿದ್ದ ಬಿಟಿಆರ್-152 ಮೊದಲು ಬಂತು, ಆಮೇಲೆ ಎಂಟೂ ಗಾಲಿಗಳು ಎಂಜಿನ್ನಿನ ಬಲದಿಂದ ತಿರುಗುವ ಬಿಟಿಆರ್-60 ಬಂತು. ಸುಮಾರು ಹತ್ತು ಟನ್ ತೂಕದ ಈ ವಾಹನಕ್ಕೆ ಒಳಗಿನಿಂದಲೇ ಟೈರಿನ ಗಾಳಿ ಏರಿಸುವ, ಇಳಿಸುವ ವ್ಯವಸ್ಥೆಯಿತ್ತು. ಕೆಸರಿನಲ್ಲಿ ಗಾಳಿ ಇಳಿಸಿದರೆ ಟೈರು ಅಗಲವಾಗಿ ಹರಡಿ, ಅದೇ ತೂಕ ಹೆಚ್ಚು ನೆಲದ ಮೇಲೆ ಹಂಚಿಹೋಗುತ್ತದೆ. ಹೂತ ಟ್ರ್ಯಾಕ್ಟರನ್ನು ಎತ್ತಲು ನಮ್ಮ ಚಾಲಕರು ಮಾಡುವುದೂ ಅದನ್ನೇ. ಕಾರಿನ ಟೈರೊಂದು ಪಂಕ್ಚರಾದರೆ ಪ್ರಯಾಣ ನಿಲ್ಲುತ್ತದೆ. ಎಂಟು ಗಾಲಿಯ ವಾಹನ ಒಂದೆರಡನ್ನು ಕಳೆದುಕೊಂಡರೂ ಓಡುತ್ತಿರುತ್ತದೆ, ಚೈನ್ ತುಂಡಾದ ವಾಹನ ಇದ್ದಲ್ಲೇ ನಿಲ್ಲುತ್ತದೆ. ಹಿಂದೆ ನಮ್ಮ ಸೇನೆಯೂ ಜೆಕೊಸ್ಲೊವಾಕಿಯ ಮತ್ತು ಪೋಲೆಂಡ್ ಸೇರಿ ತಯಾರಿಸಿದ ಎಂಟು ಗಾಲಿಯ ಒಟಿ-64 ವಾಹನಗಳನ್ನು ಬಳಸಿತ್ತು; ಈಗಿನ ತೆಲಂಗಾಣದ ಮೆದಕ್ಕಿನ ಕಾರ್ಖಾನೆಯಲ್ಲಿ ಚೈನಿನ ಬಿಎಂಪಿ-2 ಕವಚವಾಹನ ತಯಾರಾಗತೊಡಗಿದ ಮೇಲೆ ಗಾಲಿ ನಮ್ಮಲ್ಲಿ ಹಿಂದೆ ಸರಿಯಿತು.

ಮಲೆನಾಡಿನಲ್ಲಿ ಕುಳಿತು ಈ ಇತಿಹಾಸ ಓದುವವರು ತುಸು ನಿಧಾನಿಸಬೇಕಾದದ್ದು 1979ರ ಕೊನೆಗೆ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ಕಾಲಿಟ್ಟ ಘಟ್ಟದಲ್ಲಿ. ಯುರೋಪಿನ ಬಯಲಿಗೆಂದು ರೂಪಿಸಿದ ವಾಹನ ಅಲ್ಲಿ ಘಾಟಿ ರಸ್ತೆಗೆ ಬಿತ್ತು. ಬಿಟಿಆರ್-60ರ ಗೋಪುರದ ಮೆಷಿನ್‌ಗನ್ ಮೇಲಕ್ಕೆ ಏಳುತ್ತಿದ್ದದ್ದು ಸುಮಾರು 30 ಡಿಗ್ರಿ ಮಾತ್ರ. ಒಂದು ಮಗ್ಗುಲಲ್ಲಿ ಕಡಿದಾದ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಪ್ರಪಾತ ಇರುವ ದಾರಿಯಲ್ಲಿ ಶತ್ರು ತಲೆಯ ಮೇಲಿನ ಬಂಡೆಯ ಮರೆಯಿಂದ ಗುಂಡು ಹಾರಿಸಿದರೆ ಉತ್ತರ ಕೊಡಲು ಆ ಗನ್ನಿಗೆ ಆಗುತ್ತಿರಲಿಲ್ಲ. ಸೈನಿಕರು ಇಳಿಯುವುದಕ್ಕೆ ಹಿಂಬದಿಯಲ್ಲಿ ಬಾಗಿಲಿರಲಿಲ್ಲ, ಏಕೆಂದರೆ ಎಂಜಿನ್ನುಗಳು ಕುಳಿತಿದ್ದದ್ದು ಅಲ್ಲಿ. ಗುಂಡಿನ ಸುರಿಮಳೆಯ ನಡುವೆ ಮೇಲಿನ ಮುಚ್ಚಳ ತೆರೆದು ಅಥವಾ ಪಕ್ಕದ ಕಿಂಡಿಯಿಂದ ನುಸುಳಿ ಹೊರಬೀಳಬೇಕಿತ್ತು. ರಸ್ತೆಯಲ್ಲಿ ನೆಲಬಾಂಬ್ ಹುದುಗಿಸತೊಡಗಿದ ಮೇಲಂತೂ ಸೈನಿಕರು ಕವಚದ ಒಳಗೆ ಕೂರುವುದನ್ನೇ ಬಿಟ್ಟು ವಾಹನದ ಮೇಲೆ ಕುಳಿತು ಸಾಗಿದರು. ಒಳಗಿದ್ದರೆ ಸ್ಫೋಟ ಕೊಲ್ಲುತ್ತದೆ, ಮೇಲಿದ್ದರೆ ಎಸೆಯಲ್ಪಟ್ಟಾದರೂ ಬದುಕಬಹುದು ಎಂಬ ಲೆಕ್ಕ ಅವರದು. ಕಾಪಾಡಬೇಕಾದ ಕವಚಕ್ಕೇ ಅಂಜಿ ಸೈನಿಕರು ಹೊರಗೆ ಕೂರುವುದು, ವಾಹನ ಮತ್ತು ನೆಲ ಹೊಂದಿಕೆಯಾಗಿಲ್ಲ ಎಂಬುದಕ್ಕೆ ನಾನು ಬಲ್ಲ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಮುಂದೆ ಬಂದ ಬಿಟಿಆರ್-80ರಲ್ಲಿ ಗನ್ 60 ಡಿಗ್ರಿಗೆ ಏಳುವಂತಾಯಿತು, ಪಕ್ಕದ ಬಾಗಿಲು ದೊಡ್ಡದಾಯಿತು. ಆದರೆ ಬಾಗಿಲು ಹಿಂದಕ್ಕೆ ಬರಲಿಲ್ಲ, ಚಪ್ಪಟೆ ತಳವೂ ಬದಲಾಗಲಿಲ್ಲ.

ತಳದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಫ್ರಿಕದ ದಕ್ಷಿಣ ತುದಿಯಲ್ಲಿ. 1970ರ ದಶಕದಲ್ಲಿ ರೊಡೇಶಿಯ (ಈಗಿನ ಜಿಂಬಾಬ್ವೆ) ಮತ್ತು ದಕ್ಷಿಣ ಆಫ್ರಿಕದ ಆಗಿನ ಬಿಳಿಯರ ಸರ್ಕಾರಗಳು ಕಚ್ಚಾ ರಸ್ತೆಗಳಲ್ಲಿ ಹುದುಗಿಸಿದ ನೆಲಬಾಂಬುಗಳನ್ನು ಎದುರಿಸಬೇಕಾಯಿತು. ಆ ಯುದ್ಧಗಳ ಉದ್ದೇಶವನ್ನು ಇಂದು ಯಾರೂ ಸಮರ್ಥಿಸಲಾರರು. ಅಲ್ಲಿ ಹುಟ್ಟಿದ ಎಂಜಿನಿಯರಿಂಗ್ ಮಾತ್ರ ಜಗತ್ತಿನಾದ್ಯಂತ ಹಬ್ಬಿತು. ಮಲೆನಾಡಿನ ಮನೆಯ ಹೆಂಚಿನ ಮಾಡು ಕಡಿದಾಗಿ ಇಳಿದಿರುವುದು ಮಳೆಯನ್ನು ಎದೆಯೊಡ್ಡಿ ತಡೆಯುವುದಕ್ಕಲ್ಲ, ಎರಡೂ ಬದಿಗೆ ಜಾರಿಸಿ ಕಳಿಸುವುದಕ್ಕೆ. ಆ ಮಾಡನ್ನು ತಲೆಕೆಳಗು ಮಾಡಿ ವಾಹನದ ತಳಕ್ಕೆ ಕೂರಿಸಿದರೆ ದಕ್ಷಿಣ ಆಫ್ರಿಕದ 'ಕ್ಯಾಸ್ಪಿರ್' ಆಗುತ್ತದೆ. ಕೆಳಗಿನಿಂದ ಚಿಮ್ಮುವ ಸ್ಫೋಟದ ಅಲೆ ಚಪ್ಪಟೆ ತಗಡಿಗೆ ಬಡಿದರೆ ಇಡೀ ಬಲ ಒಳಗಿನವರ ಕಾಲು, ಬೆನ್ನುಮೂಳೆಗೆ ಏರುತ್ತದೆ. ಇಳಿಜಾರಿಗೆ ಬಡಿದರೆ ಬಹುಪಾಲು ಪಕ್ಕಕ್ಕೆ ಹರಿದುಹೋಗುತ್ತದೆ. ಜೊತೆಗೆ ಸ್ಫೋಟದ ಒತ್ತಡ ದೂರ ಹೆಚ್ಚಿದಂತೆ ಬಹುಬೇಗ ಇಳಿಯುವುದರಿಂದ, ತಳವನ್ನು ನೆಲದಿಂದ ಎಷ್ಟು ಎತ್ತರಕ್ಕೆ ಏರಿಸಿದರೆ ಅಷ್ಟು ಕ್ಷೇಮ. ಗಾಲಿ, ಆಕ್ಸಲ್ಲುಗಳು ಕಿತ್ತು ಹಾರಿಹೋಗಲಿ, ಜನರಿರುವ ಪೆಟ್ಟಿಗೆ ಮಾತ್ರ ಒಡೆಯಬಾರದು ಎಂಬುದು ಇಲ್ಲಿನ ತತ್ವ. ಗಾಲಿಯ ಅಡಿಯಲ್ಲಿ 21 ಕಿಲೊ, ತಳದ ಅಡಿಯಲ್ಲಿ 14 ಕಿಲೊ ಟಿಎನ್‌ಟಿ ಸ್ಫೋಟಕ ಸಿಡಿದರೂ ಒಳಗಿನವರು ಬದುಕುವಂತೆ ಕ್ಯಾಸ್ಪಿರನ್ನು ರೂಪಿಸಲಾಗಿತ್ತು.

ಭಾರತ ಕ್ಯಾಸ್ಪಿರ್‌ಗಳನ್ನು ಕಾಶ್ಮೀರಕ್ಕಾಗಿ ಕೊಂಡಿತು, ಮೆದಕ್ಕಿನಲ್ಲಿ ಅದೇ ಮಾದರಿಯ ನೆಲಬಾಂಬ್ ನಿರೋಧಕ ವಾಹನಗಳನ್ನು ತಯಾರಿಸಿತು, ಅವು ಸಿಆರ್‌ಪಿಎಫ್ ಮೂಲಕ ಬಸ್ತರಿನ ಕಾಡಿಗೂ ಹೋದವು. ಅಲ್ಲಿ ಏನಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2005ರ ಸೆಪ್ಟೆಂಬರಿನಲ್ಲಿ ಛತ್ತೀಸಗಢದ ಈಗಿನ ಬಿಜಾಪುರ ಜಿಲ್ಲೆಯಲ್ಲಿ ಇಂಥದೇ ವಾಹನವನ್ನು ಮಾವೋವಾದಿಗಳು ಸಿಡಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 2018ರ ಮಾರ್ಚ್ 13ರಂದು ಸುಕ್ಮಾ ಜಿಲ್ಲೆಯ ಕಿಸ್ತಾರಾಮ್ ಬಳಿ ಮತ್ತೊಂದು ವಾಹನ ಸಿಡಿದು ಒಂಬತ್ತು ಮಂದಿ ಸಿಆರ್‌ಪಿಎಫ್ ಯೋಧರು ಹುತಾತ್ಮರಾದರು. ವಾಹನದ ವಿನ್ಯಾಸ ಸುಳ್ಳಾಗಿರಲಿಲ್ಲ. ಅದು ತಡೆಯಬಲ್ಲ ಮದ್ದಿನ ಪ್ರಮಾಣಕ್ಕೆ ಒಂದು ಮಿತಿಯಿತ್ತು, ನೆಲದಲ್ಲಿ ಹುದುಗಿಸುವವನ ಕೈಗೆ ಅಂಥ ಮಿತಿ ಇರಲಿಲ್ಲ. ಇಪ್ಪತ್ತು ಕಿಲೊ ಸಾಲದೆಂದು ಕಂಡಾಗ ಅವನು ಐವತ್ತು ಕಿಲೊ ಹುದುಗಿಸುತ್ತಾನೆ, ರಸ್ತೆಯ ಡಾಂಬರು ಅಥವಾ ಮೋರಿಯ ಅಡಿಯಲ್ಲಿ ತಿಂಗಳುಗಟ್ಟಲೆ ಮೊದಲೇ. ಕವಚಕ್ಕೆ ಇನ್ನೊಂದು ಪದರ ಸೇರಿಸುವುದಕ್ಕಿಂತ ನೆಲದಲ್ಲಿ ತೋಡಿದ ಗುಂಡಿಗೆ ಇನ್ನೊಂದು ಚೀಲ ಮದ್ದು ಸೇರಿಸುವುದು ಯಾವಾಗಲೂ ಅಗ್ಗ. ಹಾಗೆಂದು ಕವಚವೇ ಬೇಡವೆಂದಲ್ಲ: 2025ರ ಜನವರಿ 6ರಂದು ಅದೇ ಬಿಜಾಪುರ ಜಿಲ್ಲೆಯಲ್ಲಿ ಎಂಟು ಮಂದಿ ಜಿಲ್ಲಾ ಮೀಸಲು ಪಡೆಯ ಯೋಧರು ಮತ್ತು ಅವರ ಚಾಲಕ ಸತ್ತದ್ದು ಕವಚವೇ ಇಲ್ಲದ ಸಾಮಾನ್ಯ ವಾಹನದಲ್ಲಿ. ಆದರೆ ದಾರಿ ಹಳೆಯದಾದರೆ, ಹೊತ್ತು ಗೊತ್ತಿದ್ದರೆ, ಎಂಥ ವಾಹನವೂ ಗುರಿಯೇ.

ನಮ್ಮ ಕಾಡುಗಳಲ್ಲಿ ಇದೇ ಪಾಠ ಬೇರೆ ರೀತಿಯಲ್ಲಿ ಕಂಡಿದೆ. 2003ರಲ್ಲಿ ಕಾರ್ಕಳದ ಈದು, 2005ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಗುಂಡಿನ ಚಕಮಕಿಗಳಿಂದ ಹಿಡಿದು 2024ರ ನವೆಂಬರಿನಲ್ಲಿ ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾಗುವವರೆಗೆ, ನಕ್ಸಲ್ ನಿಗ್ರಹ ಪಡೆ ಕೂಂಬಿಂಗ್ ನಡೆಸಿದ್ದು ಬಹುಪಾಲು ಕಾಲ್ನಡಿಗೆಯಲ್ಲಿ. ಆಗುಂಬೆ, ಶೃಂಗೇರಿ, ಕೊಪ್ಪದ ಸುತ್ತಿನ ಶೋಲಾ ಕಾಡಿನಲ್ಲಿ, ಹಳ್ಳದ ದಾರಿಯಲ್ಲಿ, ಒಂಟಿ ಮನೆಗಳ ನಡುವಿನ ಕಾಲುಹಾದಿಯಲ್ಲಿ ಹತ್ತು ಟನ್ನಿನ ವಾಹನಕ್ಕೆ ಕೆಲಸವಿರಲಿಲ್ಲ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಶರಣಾದದ್ದು ಮಾತುಕತೆಯ ದಾರಿಯಿಂದ. ಕಾಡಿನ ಒಳಜಗಳಕ್ಕೆ ಕವಚವಾಹನವನ್ನು ಮದ್ದೆಂದು ನಂಬುವವರು ಈ ಎರಡು ದಶಕಗಳನ್ನು ಬಸ್ತರಿನ ಜೊತೆ ಇಟ್ಟು ನೋಡಬೇಕು. ಎರಡೂ ಕಡೆಯ ಚಳವಳಿಯ ಗಾತ್ರ ಒಂದೇ ಅಲ್ಲ ಎಂಬುದು ನಿಜ. ಆದರೂ ರಸ್ತೆಗೆ ಅಂಟಿಕೊಂಡ ಪಡೆ ಮತ್ತು ರಸ್ತೆ ಬಿಟ್ಟು ನಡೆದ ಪಡೆಯ ನಡುವಿನ ವ್ಯತ್ಯಾಸ ಗಾತ್ರವನ್ನು ಮೀರಿದ್ದು.

ಇನ್ನು ಸ್ಟ್ರೈಕರಿನ ಕಥೆ. 1999ರ ಕೊಸೊವೊ ಬಿಕ್ಕಟ್ಟಿನ ಹೊತ್ತಿಗೆ ಅಮೆರಿಕ ತನ್ನ ಭಾರಿ ಟ್ಯಾಂಕುಗಳನ್ನು ಅಲ್ಬೇನಿಯದ ಕಿರಿದಾದ ರಸ್ತೆ, ಹಳೆಯ ಸೇತುವೆಗಳ ಮೇಲೆ ಸಾಗಿಸಲು ಪಟ್ಟ ಪಾಡು ಈ ವಾಹನದ ಹುಟ್ಟಿಗೆ ಒಂದು ಕಾರಣ. ಸ್ವಿಟ್ಜರ್ಲೆಂಡಿನ ಮೊವಾಗ್ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ 'ಪಿರಾನಾ' ವಾಹನ ಕೆನಡಾಕ್ಕೆ ಹೋಗಿ ಬೆಳೆದು, ಅದರ ವಂಶದಲ್ಲಿ ಸ್ಟ್ರೈಕರ್ ಬಂತು. ಸಿ-130 ಸಾಗಣೆ ವಿಮಾನದಲ್ಲಿ ಹಿಡಿಸಬೇಕು ಎಂಬುದು ಮೂಲ ಷರತ್ತು. 2003ರ ಕೊನೆಯಲ್ಲಿ ಇರಾಕಿಗೆ ಇಳಿದಾಗ ರಾಕೆಟ್ ಚಾಲಿತ ಗ್ರೆನೇಡುಗಳನ್ನು ತಡೆಯಲು ಸುತ್ತಲೂ ಕಬ್ಬಿಣದ ಸರಳಿನ ಪಂಜರ ಕಟ್ಟಬೇಕಾಯಿತು. ವಾಹನ ಅಗಲವಾಯಿತು, ಭಾರವಾಯಿತು. ಅಫ್ಗಾನಿಸ್ತಾನದಲ್ಲಿ ಅದರ ಚಪ್ಪಟೆ ತಳ ನೆಲಬಾಂಬಿಗೆ ಸೋತಾಗ 2011ರಲ್ಲಿ ಇಳಿಜಾರು ತಳದ ಹೊಸ ಮಾದರಿ ಕಳಿಸಿದರು; ತೂಕ ಮತ್ತೆ ಏರಿತು. ಬಿಟಿಆರ್-60ರ ಹತ್ತು ಟನ್ನಿನಿಂದ ಶುರುವಾದ ಈ ವಂಶದಲ್ಲಿ ಇಂದು ಜರ್ಮನಿ ಮತ್ತು ನೆದರ್ಲೆಂಡ್ಸ್ ಬಳಸುವ 'ಬಾಕ್ಸರ್' 35 ಟನ್ ದಾಟಿದೆ. ಹಗುರವಾಗಿ ವೇಗವಾಗಿ ಓಡುವುದಕ್ಕೆ ಹುಟ್ಟಿದ ವಾಹನ, ಪ್ರತಿ ಯುದ್ಧ ಕಲಿಸಿದ ಪಾಠವನ್ನು ಉಕ್ಕಿನ ರೂಪದಲ್ಲಿ ಮೈಮೇಲೆ ಹೊತ್ತುಕೊಳ್ಳುತ್ತಾ ಬಂದು, ಯಾವ ಸೇತುವೆಗಳ ಸಲುವಾಗಿ ಹುಟ್ಟಿತೋ ಆ ಸೇತುವೆಗಳಿಗೇ ಹೊರೆಯಾಗುವ ಹಂತ ಮುಟ್ಟಿದೆ.

ಎತ್ತರದ ಅಪಾಯ ಇನ್ನೊಂದು. 2007ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಇರಾಕಿನ ರಸ್ತೆಬದಿ ಬಾಂಬುಗಳಿಗೆ ಉತ್ತರವಾಗಿ ಕ್ಯಾಸ್ಪಿರ್ ತತ್ವದ ಎತ್ತರದ ವಾಹನಗಳನ್ನು ತುರ್ತಾಗಿ ತರಿಸಿದರು. ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಅವು ಬಹಳ ಜೀವಗಳನ್ನು ಉಳಿಸಿದವು. ಆದರೆ ಭಾರವೆಲ್ಲ ಮೇಲೆ ಇದ್ದದ್ದರಿಂದ, ಕಾಲುವೆ ಏರಿಯ ಮಣ್ಣು ಕುಸಿದಾಗ, ರಸ್ತೆಯ ಅಂಚು ಜರಿದಾಗ ಮಗುಚಿಬಿದ್ದವು. ಅಫ್ಗಾನಿಸ್ತಾನದ ಗುಡ್ಡಗಳಿಗೆ 2009ರಲ್ಲಿ ಹಗುರವಾದ, ಪ್ರತಿ ಗಾಲಿಗೂ ಬೇರೆ ಬೇರೆ ಸಸ್ಪೆನ್ಶನ್ ಇದ್ದ ಇನ್ನೊಂದು ಮಾದರಿಯನ್ನೇ ಮಾಡಿಸಬೇಕಾಯಿತು. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳನ್ನು ನಿಷೇಧಿಸುವುದು ಏಕೆಂದು ನಮಗೆ ಯಾರೂ ವಿವರಿಸಬೇಕಿಲ್ಲ: ನೀರು ಕುಡಿದ ಧರೆ ಯಾವ ಚಕ್ರದ ಕೆಳಗೆ ಜರಿಯುತ್ತದೆಂದು ಹೇಳಲಾಗದು. ಲಡಾಖಿನ ಗಡಿರಸ್ತೆಗಳ ಅಂಚುಗಳೂ ಹಿಮ ಕರಗುವ ಕಾಲಕ್ಕೆ ಹೆಚ್ಚು ನಂಬುವಂಥವಲ್ಲ.

ಈ ಲೆಕ್ಕದಲ್ಲಿ ನೀರನ್ನೂ ಸೇರಿಸಬೇಕು. ತುಮರಿ, ಸಿಗಂದೂರಿನ ಕಡೆಯ ಜನ ದಶಕಗಳ ಕಾಲ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು, ಬಸ್ಸು ಕಾರುಗಳನ್ನೂ ಅದರ ಮೇಲೇರಿಸಿಕೊಂಡು ಶರಾವತಿ ಹಿನ್ನೀರನ್ನು ದಾಟಿದವರು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದ ಮೇಲೆ ಆ ಕಾಯುವಿಕೆ ಮುಗಿಯಿತು. ಯುದ್ಧದಲ್ಲಿ ಸೇತುವೆಗಳು ಮೊದಲು ಬೀಳುತ್ತವೆ, ಲಾಂಚಿಗೆ ಕಾಯಲು ಸಮಯವಿರುವುದಿಲ್ಲ. ಪಂಜಾಬಿನ ಕಾಲುವೆ, ನದಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೇನೆ ತೇಲುವ ಶಕ್ತಿಯನ್ನು ಕೇಳುತ್ತಾ ಬಂದಿರುವುದಕ್ಕೆ ಕಾರಣ ಅದೇ. ಸ್ಟ್ರೈಕರ್ ತೇಲುವುದಿಲ್ಲ. ಬಿಎಂಪಿ-2 ತೇಲುತ್ತದೆ, ವ್ಹಾಪ್ ಕೂಡ ನೀರನ್ನು ಹಿಂದಕ್ಕೆ ಚಿಮ್ಮುವ ಯಂತ್ರಗಳ ಬಲದಿಂದ ಈಜುತ್ತದೆ. ಆದರೆ ತೇಲುವುದಕ್ಕೆ ತೂಕದ ಮಿತಿ ಇರಬೇಕು, ನೆಲಬಾಂಬ್ ತಡೆಯುವುದಕ್ಕೆ ತೂಕ ಬೇಕು. ಎರಡನ್ನೂ ಒಂದೇ ವಾಹನದಲ್ಲಿ ಕೇಳುವ ಕಾಗದ ಬರೆಯುವುದು ಸುಲಭ. ಅಂಥ ಕಾಗದಗಳ ನಡುವೆಯೇ ನಮ್ಮ ಹೊಸ ಕಾಲಾಳು ಯುದ್ಧವಾಹನದ ಯೋಜನೆ ಎರಡು ದಶಕಗಳಷ್ಟು ತಡವಾಗಿದೆ.

ಉಕ್ರೇನ್ ಯುದ್ಧ ಈ ಚಿತ್ರಕ್ಕೆ ಡ್ರೋನನ್ನು ಸೇರಿಸಿದೆ. 2022ರ ವಸಂತದಲ್ಲಿ ಕೀವ್‌ನ ಉತ್ತರಕ್ಕೆ ರಷ್ಯದ ವಾಹನಗಳ ಉದ್ದನೆಯ ಸಾಲು ಕೆಸರಿಗೆ ಅಂಜಿ ರಸ್ತೆಗೆ ಅಂಟಿಕೊಂಡು ನಿಂತದ್ದು ಗಾಲಿಯ ಹಳೆಯ ದೌರ್ಬಲ್ಯ. ಆಮೇಲೆ ಬಂದ ಅಗ್ಗದ ಡ್ರೋನುಗಳು ತೆಳ್ಳಗಿನ ಮೇಲ್ಭಾಗವನ್ನು ಹುಡುಕಿ ಹೊಡೆಯುವುದು ಹೊಸದು. ಗಾಲಿಯದಾಗಲಿ ಚೈನಿನದಾಗಲಿ, ಎಲ್ಲ ವಾಹನಗಳ ಮೇಲೂ ಈಗ ಜಾಲರಿ ಏರುತ್ತಿದೆ. ಇದರ ಎದುರಿಗೆ ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ 2013ರಲ್ಲಿ ನಡೆದ ಯುದ್ಧವನ್ನು ನೆನೆಯಬೇಕು: ಒಣ ನೆಲ, ಉದ್ದನೆಯ ದಾರಿ, ವಿರಳ ಶತ್ರು. ಅಲ್ಲಿ ಫ್ರಾನ್ಸಿನ ಗಾಲಿಯ ವಾಹನಗಳು ಸಾವಿರಾರು ಕಿಲೋಮೀಟರುಗಳನ್ನು ತಾವೇ ಓಡಿ ಕ್ರಮಿಸಿದವು.

ಹಾಗಾದರೆ ನಮಗೆ ಯಾವುದು? ಲಡಾಖಿನ 4,500 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಮೂರನೇ ಒಂದಕ್ಕೂ ಹೆಚ್ಚು ತೆಳು, ಎಂಜಿನ್ನು ಸೊರಗುತ್ತದೆ. ಆದರೂ ಅಲ್ಲಿನ ಒಣ ಕಣಿವೆಗಳು, 2020ರ ಗಲ್ವಾನ್ ಘರ್ಷಣೆಯ ನಂತರ ವೇಗವಾಗಿ ಬೆಳೆದ ರಸ್ತೆಗಳು ಗಾಲಿಗೆ ಒಪ್ಪುವಂಥವು. 2021ರಲ್ಲಿ ಸೇನೆ ಸುಮಾರು 178 ಕೋಟಿ ರೂಪಾಯಿಗೆ ಕಲ್ಯಾಣಿ ಎಂ-4 ಎಂಬ ಗಾಲಿಯ ಕವಚವಾಹನಗಳನ್ನು ಕೊಂಡದ್ದು, 2022ರ ಏಪ್ರಿಲಿನಲ್ಲಿ ಪುಣೆಯಲ್ಲಿ ಟಾಟಾ ತಯಾರಿಸಿದ ಕವಚವಾಹನಗಳು ಸೇನೆಗೆ ಸೇರಿದ್ದು ಈ ದಿಕ್ಕಿನ ಹೆಜ್ಜೆಗಳು. ಆದರೆ ಇವು ಸಣ್ಣ ಸಂಖ್ಯೆಯ ತುರ್ತು ಖರೀದಿಗಳು. ವ್ಹಾಪ್ 2014ರಲ್ಲಿ ದೆಹಲಿಯ ರಕ್ಷಣಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ವಾಹನ. ಇಷ್ಟು ವರ್ಷಗಳಾದರೂ ನಮ್ಮ ಸೇನೆಯಿಂದ ಅದಕ್ಕೆ ದೊಡ್ಡ, ನಿರಂತರ ಆದೇಶ ಸಿಗದಿರುವುದು ನನ್ನ ದೃಷ್ಟಿಯಲ್ಲಿ ನಿಜವಾದ ನಷ್ಟ. ಬಿಟಿಆರ್, ಕ್ಯಾಸ್ಪಿರ್, ಸ್ಟ್ರೈಕರ್ ಯಾವುದೂ ಮೊದಲ ಮಾದರಿಯಲ್ಲೇ ಸರಿಯಾಗಿರಲಿಲ್ಲ. ಸೈನಿಕರು ಬಳಸಿ, ದೂರಿ, ಕಾರ್ಖಾನೆಗೆ ಮರಳಿ ಕಳಿಸಿದ್ದರಿಂದ ಸುಧಾರಿಸಿದವು. ಗನ್ನನ್ನು 30 ಡಿಗ್ರಿಯಿಂದ 60ಕ್ಕೆ ಏರಿಸಿದ್ದು ಪ್ರದರ್ಶನದ ಮಳಿಗೆಯಲ್ಲಿ ಕಲಿತ ಪಾಠವಲ್ಲ. ಸ್ಟ್ರೈಕರನ್ನು ಇಲ್ಲೇ ಜೋಡಿಸಿದರೂ ಅದನ್ನು ತಿದ್ದುವ ಹಕ್ಕು, ಅದರ ನಕ್ಷೆ, ಬಿಡಿಭಾಗದ ಬೆಲೆ ಬೇರೆಯವರ ಕೈಯಲ್ಲಿರುತ್ತದೆ.

ಇದು ಶಿವಮೊಗ್ಗಕ್ಕೆ ದೂರದ ಮಾತಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತವೆ. ಭದ್ರಾವತಿಯ ವಿಐಎಸ್ಎಲ್ ವಿಶೇಷ ಉಕ್ಕಿನ ಅನುಭವವಿದ್ದೂ ಮುಚ್ಚುವ ಮಾತುಗಳ ನಡುವೆ ದಿನ ದೂಡುತ್ತಿದೆ. ಇಪ್ಪತ್ತು ಟನ್ನಿಗೂ ಮಿಕ್ಕ ಎಂಟು ಗಾಲಿಯ ವಾಹನವೆಂದರೆ ಹಬ್ಬು, ಆಕ್ಸಲ್ಲು, ಗೇರುಪೆಟ್ಟಿಗೆ, ಸಸ್ಪೆನ್ಶನ್ನಿನ ದೊಡ್ಡ ರಾಶಿ. ಐವತ್ತು ವಾಹನಕ್ಕೆ ಒಂದು ಆದೇಶ, ಆಮೇಲೆ ಐದು ವರ್ಷ ಮೌನ ಎಂದಾದರೆ ಯಾವ ಸಣ್ಣ ಫೌಂಡ್ರಿಯೂ ಅದಕ್ಕಾಗಿ ಹೊಸ ಅಚ್ಚು ಮಾಡಿಸುವುದಿಲ್ಲ.

ಆದ್ದರಿಂದ ಸೇನೆ ತನ್ನ ಬೇಡಿಕೆಯ ಕಾಗದವನ್ನು ಎರಡಾಗಿ ಹರಿದು ಬರೆಯಬೇಕೆಂದು ನನಗನ್ನಿಸುತ್ತದೆ. ಪಶ್ಚಿಮದ ಕಾಲುವೆ, ನದಿಗಳಿಗೆ ತೇಲುವ, ಅದಕ್ಕಾಗಿ ತಳದ ಕವಚದಲ್ಲಿ ರಾಜಿಯಾದ ಒಂದು ಮಾದರಿ. ಲಡಾಖಿನ ಒಣ ನೆಲಕ್ಕೆ ತೇಲುವ ಯಂತ್ರಗಳನ್ನು ಬಿಟ್ಟು, ಉಳಿದ ತೂಕವನ್ನು ತಳಕ್ಕೂ ಮೇಲಿನ ಡ್ರೋನ್ ರಕ್ಷಣೆಗೂ ಕೊಟ್ಟ, ಗನ್ ಕಡಿದಾಗಿ ಮೇಲೇಳುವ, ಹಿಂಬಾಗಿಲಿರುವ ಇನ್ನೊಂದು ಮಾದರಿ. ಎರಡಕ್ಕೂ ಚಾಸಿ, ಎಂಜಿನ್ನು, ಗಾಲಿ ಒಂದೇ ಇರಲಿ, ಆಗ ಬಿಡಿಭಾಗ ಒಂದೇ ಉಗ್ರಾಣದಿಂದ ಬರುತ್ತದೆ. ಆ ಚಾಸಿ ವ್ಹಾಪ್‌ನದಾಗಲು ಏನು ಕೊರತೆಯಿದೆಯೆಂಬುದನ್ನು ಒಂದು ರೆಜಿಮೆಂಟಿನ ಕೈಗೆ ಕೊಟ್ಟು ಎರಡು ಚಳಿಗಾಲ ಓಡಿಸಿ ನೋಡಿದ ಮೇಲೆ, ಅಮೆರಿಕದ ಜೊತೆಗಿನ ಮೇಜಿಗೆ ಮರಳುವುದು ತಡವೇನಲ್ಲ.